ಪಟ್ಟಿಯಲ್ಲಿಲ್ಲದ ನೆರೆಯವನು

ಆಫೀಸಿನ ತುಂಬ ವಿಂಡೋಸ್, ನನ್ನದೊಂದೇ ಲಿನಕ್ಸ್. ಇಂಟರ್ನೆಟ್ ಬರುತ್ತಿತ್ತು, ಪ್ರಿಂಟರ್ ಮಾತು ಕೇಳುತ್ತಿತ್ತು. ಆದರೆ ಪಕ್ಕದ ಮೇಜಿನವರು 'ನೆಟ್‌ವರ್ಕ್' ಮೇಲೆ ಕ್ಲಿಕ್ ಮಾಡಿದರೆ ಎಲ್ಲರ ಹೆಸರೂ ಸಾಲಾಗಿ ಬರುತ್ತಿದ್ದವು, ನನ್ನದು ಬಿಟ್ಟು. "ನಿಮ್ದು ಆನ್ ಇದೆಯೇನ್ರೀ?" ಎಂದು ಅವರು ಕೇಳುವಾಗ ಅದರ ಫ್ಯಾನು ನಮ್ಮಿಬ್ಬರ ನಡುವೆ ಗೊರಕೆ ಹೊಡೆಯುತ್ತಿತ್ತು. ಫೈಲು ಬೇಕಾದಾಗಲೆಲ್ಲ ಅವರು ಪೆನ್‌ಡ್ರೈವ್ ಚಾಚುತ್ತಿದ್ದರು.

ಹಳೆಯ ವಿಂಡೋಸ್‌ನಲ್ಲಿ ಈ ಪಟ್ಟಿಗೆ 'ನೆಟ್‌ವರ್ಕ್ ನೇಬರ್‌ಹುಡ್' ಎಂದೇ ಹೆಸರು. ನೆರೆಕೇರಿ! ಕೇರಿಗೊಬ್ಬ ಯಜಮಾನನೂ ಇರುತ್ತಿದ್ದ. ಯಂತ್ರಗಳು ತಮ್ಮತಮ್ಮಲ್ಲೇ ಚುನಾವಣೆ ನಡೆಸಿ ಅವನನ್ನು ಆರಿಸುತ್ತಿದ್ದವು. ಉಳಿದವರು 12 ನಿಮಿಷಕ್ಕೊಮ್ಮೆ 'ನಾನಿದ್ದೇನೆ' ಎಂದು ಕೂಗಬೇಕು. ಮೂರು ಸರದಿ ಕೂಗು ಕೇಳದಿದ್ದರೆ ಹೆಸರು ತೆಗೆಯುವುದು. ಅಂದರೆ ವೈರು ಕಿತ್ತು ಹಾಕಿದ ಯಂತ್ರವೂ ಅರ್ಧ ಗಂಟೆಗೂ ಹೆಚ್ಚು ಹೊತ್ತು ಪಟ್ಟಿಯಲ್ಲಿ ಬದುಕಿರುತ್ತಿತ್ತು. ಸತ್ತವರ ಹೆಸರಿದ್ದು ಬದುಕಿದವರದು ಇಲ್ಲದಿರುವುದು ಮತದಾರರ ಪಟ್ಟಿಯಲ್ಲಷ್ಟೇ ಅಲ್ಲ.

ಕೂಗಲು ಭಾಷೆ ಬೇಕಲ್ಲ? ವಿಂಡೋಸ್ ಕಡತ ಹಂಚಿಕೊಳ್ಳುವ ಭಾಷೆ ಎಸ್‌ಎಂಬಿ. ಅದನ್ನು ಲಿನಕ್ಸ್ ಬಾಯಲ್ಲಿ ಆಡಿಸುವುದು ಸಾಂಬಾ ಎಂಬ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರ ಸುಮಾರಿಗೆ ಶುರು ಮಾಡಿದ ಕೆಲಸ. ಹೆಸರಿಡಬೇಕಾಗಿ ಬಂದಾಗ ಎಸ್, ಎಂ, ಬಿ ಮೂರೂ ಇದೇ ಕ್ರಮದಲ್ಲಿರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿಸಿದರಂತೆ. ಸಿಕ್ಕವುಗಳಲ್ಲಿ 'ಸ್ಕ್ರ್ಯಾಂಬಲ್' (ಪರದಾಟ) ಕೂಡ ಇತ್ತು. ನನ್ನ ಆ ಎರಡು ದಿನಗಳಿಗೆ ಅದೇ ಸರಿಯಾದ ಹೆಸರು.

ಸಾಂಬಾ ಹಾಕಿದೆ. ವರ್ಕ್‌ಗ್ರೂಪ್, ಅಂದರೆ ಯಂತ್ರಗಳ ಗುಂಪಿನ ಹೆಸರು, ಎಲ್ಲರದಕ್ಕೂ ಹೊಂದಿಸಿದೆ. ನನ್ನ ಯಂತ್ರಕ್ಕೆ ಪ್ರೀತಿಯಿಂದ ಇಟ್ಟಿದ್ದ ಉದ್ದನೆಯ ಹೆಸರನ್ನು ಕತ್ತರಿಸಿದೆ. ಹಳೆಯ ಪದ್ಧತಿಯಲ್ಲಿ 15 ಅಕ್ಷರ ದಾಟುವಂತಿಲ್ಲ. ಲಿನಕ್ಸ್ ಪಾಸ್‌ವರ್ಡ್ ಇದ್ದರೂ ಸಾಂಬಾಕ್ಕೆ ಬೇರೆಯೇ ಪಾಸ್‌ವರ್ಡ್ ಕೊಟ್ಟೆ. ಈಗ ಪಕ್ಕದವರು ನನ್ನ ಐಪಿ ವಿಳಾಸ ಟೈಪ್ ಮಾಡಿದರೆ ಫೋಲ್ಡರ್ ತೆರೆಯಿತು. "ಅಷ್ಟೊಂದು ಅಂಕಿ ಯಾರ್ರೀ ನೆನಪಿಟ್ಕೊಳ್ಳೋದು?" ಎಂದು ಮತ್ತೆ ಪಟ್ಟಿ ತೆರೆದರು. ನಾನಿಲ್ಲ. ಮನೆಯಿದೆ, ಬಾಗಿಲು ತೆರೆದಿದೆ, ಕೇರಿಯ ಲೆಕ್ಕದಲ್ಲಿ ಮಾತ್ರ ಮನೆಯೇ ಇಲ್ಲ.

ಗುಟ್ಟು ಕೊನೆಗೆ ತಿಳಿಯಿತು. ಆ ಯಜಮಾನ, ಚುನಾವಣೆ, ಕೂಗು ಎಲ್ಲವೂ ನಿಂತಿದ್ದದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಮೇಲೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಆ ಹಳೆಯ ಬಾಗಿಲಿನಿಂದಲೇ ನುಗ್ಗಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಆ ಬಾಗಿಲು ಮುಚ್ಚಿಕೊಂಡೇ ಬರುತ್ತಿತ್ತು. ಈಗಿನ ವಿಂಡೋಸ್ ಹುಡುಕುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ಬೇರೆ ರೀತಿಯಲ್ಲಿ. ನನ್ನ ಸಾಂಬಾ, ಪಾಪ, ಊರು ಬಿಟ್ಟು ಹೋದ ಯಜಮಾನನ ಮನೆ ಮುಂದೆ ನಿಂತು 'ನಾನಿದ್ದೇನೆ' ಎಂದು ಗಂಟಲು ಹರಿದುಕೊಳ್ಳುತ್ತಿತ್ತು.

ಆ ಹೊಸ ರೀತಿಯಲ್ಲಿ ಕೂಗುವ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಪ್ರೋಗ್ರಾಂ ಹಾಕಿ, ಯಂತ್ರದ ಕಾವಲುಗಾರನಾದ ಫೈರ್‌ವಾಲ್‌ನಲ್ಲಿ ಅದಕ್ಕೆ ಬೇಕಾದ ಎರಡು ಕಿಂಡಿಗಳಿಗೆ, ಅಂದರೆ ಯುಡಿಪಿ 3702 ಮತ್ತು ಟಿಸಿಪಿ 5357 ಪೋರ್ಟುಗಳಿಗೆ, ಅನುಮತಿ ಕೊಟ್ಟೆ. ಪಕ್ಕದವರ ಪರದೆಯಲ್ಲಿ ಸಾಲಿನ ನಡುವೆ ನನ್ನ ಯಂತ್ರದ ಕತ್ತರಿಸಿದ ಹೆಸರು ಮೂಡಿತು. ನಾನು ಎದ್ದೇ ನಿಂತೆ.

"ಓ, ಬಂತಲ್ಲ!" ಎಂದರು ಅವರು. ಆಮೇಲೆ ಆ ತಿಂಗಳ ವರದಿ ಬೇಕೆಂದು ಪೆನ್‌ಡ್ರೈವ್ ಚಾಚಿದರು.

"ಅಭ್ಯಾಸ ಆಗ್ಬಿಟ್ಟಿದೆ ಕಣ್ರೀ."