ಮನೆಯಲ್ಲೇ ಇದ್ದು ಐಡಿ ಕಾರ್ಡ್ ಯಾಕೆ?

ನಿನ್ನೆ ಪಕ್ಕದ ಮನೆಯ ಆಂಟಿ ಗೇಟಿನ ಹತ್ತಿರ ಕೇಳಿದರು, "ಎಂತ, ಇವತ್ತು ಆಫೀಸಿಗೆ ಹೊರಟದ್ದಾ?" ನಾನು ಹೊರಟದ್ದು ಒಗೆದ ಬಟ್ಟೆ ಹರವಲಿಕ್ಕೆ. ಆದರೆ ಮೈಮೇಲೆ ಇಸ್ತ್ರಿ ಮಾಡಿದ ಚೂಡಿದಾರ್, ಹಣೆಗೆ ಬೊಟ್ಟು, ಕುತ್ತಿಗೆಯಲ್ಲಿ ಕಂಪೆನಿಯ ಐಡಿ ಕಾರ್ಡ್. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮನೆಯಿಂದ ಕೆಲಸ ಮಾಡುವವರ ಬಟ್ಟೆ ಅಂದರೆ ಎಲ್ಲರಿಗೂ ಗೊತ್ತಿರುವ ಜೋಕ್ ಒಂದೇ. ಮೇಲೆ ಶರ್ಟ್, ಕೆಳಗೆ ಲುಂಗಿ. ಅದು ಗಂಡಸರ ಜೋಕ್. ನಮ್ಮ ಕಡೆ ಹೆಂಗಸರ ಯೂನಿಫಾರ್ಮ್ ನೈಟಿ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಬೆಂಗಳೂರಿನಿಂದ ಉಡುಪಿಗೆ ಬಂದವಳು ನಾನು. ಮೊದಲ ಒಂದು ವರ್ಷ ನೈಟಿಯಲ್ಲೇ ಕೆಲಸ ಮಾಡಿದ್ದೇನೆ. ಅದಕ್ಕೆ ನಾಚಿಕೆಯೂ ಇಲ್ಲ. ಏಪ್ರಿಲ್, ಮೇ ತಿಂಗಳ ನಮ್ಮೂರಿನ ಸೆಖೆ ಗೊತ್ತಿದ್ದವರು ಯಾರೂ ನೈಟಿಗೆ ಬೈಯುವುದಿಲ್ಲ. ಸ್ನಾನ ಮಾಡಿ ಮೈ ಒರೆಸುವುದರೊಳಗೆ ಮತ್ತೆ ಬೆವರು. ಕಾಟನ್ ನೈಟಿ, ಬಲಗಡೆ ಒಂದು ಜೇಬು. ಮ್ಯೂಟ್ ಮಾಡಿದ ಮೀಟಿಂಗ್ ಆ ಜೇಬಿನಲ್ಲಿ, ಇಯರ್‌ಫೋನ್ ಕಿವಿಯಲ್ಲಿ, ದೋಸೆಯ ಸಟ್ಟುಗ ಕೈಯಲ್ಲಿ. ಕ್ಯಾಮೆರಾ ಆನ್ ಮಾಡಿ ಅಂದರೆ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ಕುರ್ತಾವನ್ನು ನೈಟಿಯ ಮೇಲೆಯೇ ಏರಿಸಿಕೊಳ್ಳುವುದು.

ಮೀನಿನವರು ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದರೆ ಕುರ್ತಾ ಬೇಡ. ಹೆಗಲಿಗೊಂದು ಬೈರಾಸು, ಅಂದರೆ ಟವೆಲ್, ಸಾಕು. ನೈಟಿಯ ಮೇಲೆ ಬೈರಾಸು ಬಿದ್ದರೆ ಮರ್ಯಾದೆ ಬಂತು ಅಂತ ಲೆಕ್ಕ. (ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್, ಅಂದರೆ ದೊಡ್ಡ ಬೋಟುಗಳ ಮೀನುಗಾರಿಕೆ, ಬಂದ್. ಆಗ ಬೈರಾಸಿಗೂ ಸ್ವಲ್ಪ ರಜೆ.) ಒಮ್ಮೆ ಬಂಗುಡೆ ತೆಗೆದುಕೊಂಡು ಓಡಿಬಂದು, ಕುರ್ತಾ ಏರಿಸಿ ಮೀಟಿಂಗಿಗೆ ಕೂತೆ. ಕೈ ಸುಮ್ನೆ ಇರಬೇಕಲ್ಲ, ಬೈರಾಸನ್ನು ಮತ್ತೆ ಹೆಗಲಿಗೇ ಹಾಕಿತ್ತು. ನೀಲಿ ಚೌಕುಳಿಯ ಬೈರಾಸು, ಅಂಚಿನಲ್ಲಿ ಅರಸಿನದ ಕಲೆ. ಬೆಂಗಳೂರಿನ ಸಹೋದ್ಯೋಗಿಯೊಬ್ಬಳು "ದುಪಟ್ಟಾ ಚೆನ್ನಾಗಿದೆ, ಹ್ಯಾಂಡ್‌ಲೂಮಾ?" ಅಂದಳು. ಹೌದು ಅಂದೆ. ಇನ್ನೇನು ಹೇಳುವುದು?

ಐಡಿ ಕಾರ್ಡಿನ ಅಭ್ಯಾಸ ಶುರುವಾದದ್ದು ಆಮೇಲೆ. ಒಂದು ದಿನ ಬ್ಯಾಂಕಿಗೆ ಹೋಗುವುದಿತ್ತು. ಬೆಳಿಗ್ಗೆಯೇ ಚೂಡಿದಾರ್ ಹಾಕಿದ್ದೆ. ಅಷ್ಟರಲ್ಲಿ ಏನೋ ಅರ್ಜೆಂಟ್ ಕೆಲಸ ಬಂತು, ಹಾಗೆಯೇ ಲ್ಯಾಪ್‌ಟಾಪ್ ಮುಂದೆ ಕೂತೆ. ಮಧ್ಯಾಹ್ನ ಒಂದು ಗಂಟೆಯ ತನಕ ಯಾರೂ ನನ್ನನ್ನು ಕರೆಯಲಿಲ್ಲ. ಒಂದು ಸಲವೂ ಇಲ್ಲ. ಹನ್ನೊಂದಕ್ಕೆ ಅತ್ತೆ ಮೇಜಿಗೇ ಚಹಾ ತಂದಿಟ್ಟು ಸದ್ದಿಲ್ಲದೆ ಹೋದರು. ಮರುದಿನ ಅದೇ ಮೇಜು, ಅದೇ ಕೆಲಸ, ಆದರೆ ನೈಟಿ. "ಇದೊಂದು ಕಾಯಿ ಹೆರೆದು ಕೊಡ್ತೀಯಾ?" "ಗ್ಯಾಸಿನವರು ಬಂದ್ರು, ನೋಡು." "ಮಳೆ ಬಂತು, ಬಟ್ಟೆ ತೆಗಿ." ಹನ್ನೆರಡರೊಳಗೆ ನಾಲ್ಕು ಸಲ ಎದ್ದೆ.

ನೈಟಿಯಲ್ಲಿದ್ದರೆ ನಾನು ಮನೆಯಲ್ಲಿದ್ದೇನೆ. ಚೂಡಿದಾರ್ ಹಾಕಿದರೆ ಆಫೀಸಿನಲ್ಲಿದ್ದೇನೆ. ಕೂತ ಕುರ್ಚಿ ಮಾತ್ರ ಅದೇ. ಎರಡು ವಾರ ಬೇಕೆಂದೇ ಪರೀಕ್ಷೆ ಮಾಡಿ ನೋಡಿದೆ. ಬೊಟ್ಟು ಇಟ್ಟರೆ ಇನ್ನೂ ಒಳ್ಳೆಯದು. ಐಡಿ ಕಾರ್ಡ್ ನೇತುಹಾಕಿಕೊಂಡರೆ ಮಾವ ಟಿವಿಯ ಸೌಂಡ್ ಕೂಡ ಕಡಿಮೆ ಮಾಡುತ್ತಾರೆ. ಕ್ಯಾಮೆರಾದ ಆಚೆ ಇರುವವರಿಗೆ ನನ್ನ ಬಟ್ಟೆಯಿಂದ ಏನೂ ಆಗಬೇಕಾಗಿಲ್ಲ. ಎಕ್ಸೆಲ್ ಶೀಟ್ ಸರಿ ಇದ್ದರೆ ಆಯ್ತು. ನಾನು ಡ್ರೆಸ್ ಮಾಡಿಕೊಳ್ಳುವುದು ಅಡುಗೆಮನೆಗೆ ಕಾಣಲಿ ಅಂತ.

ನನಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ನಮ್ಮ ಮನೆಯವರಿಗೂ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಲುಂಗಿ ಎತ್ತಿ ಕಟ್ಟಿ, ಬರಿಮೈಯಲ್ಲಿ ಫ್ಯಾನಿನ ಕೆಳಗೆ ಕೂರುತ್ತಾರೆ. "ಮೆಲ್ಲ ಮಾತಾಡಿ, ಅವನಿಗೆ ಮೀಟಿಂಗ್ ಉಂಟು" ಅಂತ ಮನೆಯಿಡೀ ಪಿಸುಗುಡುತ್ತದೆ. ಬನಿಯನ್ ಕೂಡ ಇಲ್ಲದ ಮನುಷ್ಯ ಕೆಲಸದಲ್ಲಿದ್ದಾನೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನನಗೆ ಮಾತ್ರ ಪುರಾವೆ ಬೇಕು. ಅದೂ ಇಸ್ತ್ರಿ ಮಾಡಿದ್ದು.

ಅತ್ತೆಯನ್ನು ದೂರಲಿಕ್ಕೆ ಇದನ್ನು ಬರೆಯುತ್ತಿಲ್ಲ. ಒಂದು ರಾತ್ರಿ ಅವರ ಹತ್ತಿರವೇ ಹೇಳಿದೆ. ಜೋರಾಗಿ ನಕ್ಕರು. ಮೂವತ್ತು ವರ್ಷ ಬೀಡಿ ಕಟ್ಟಿದವರು ಅವರು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ಮನೆಯಲ್ಲಿ ತಡಪೆ (ಮೊರ) ಮಡಿಲಲ್ಲಿಟ್ಟು ಕಟ್ಟುವುದು, ತಿರುಗಿ ಬ್ರಾಂಚಿಗೆ ಕೊಡುವುದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ನಮ್ಮ ಕರಾವಳಿಯಲ್ಲಿ ವರ್ಕ್ ಫ್ರಮ್ ಹೋಮ್ ಲ್ಯಾಪ್‌ಟಾಪಿನಿಂದ ಶುರುವಾದದ್ದಲ್ಲ, ಅಲ್ವಾ?

"ನಾನು ಹಳೇ ಸೀರೆಯಲ್ಲೇ ಕೂತ್ಕೊಳ್ತಿದ್ದೆ. ಆದ್ರೆ ಮಡಿಲಲ್ಲಿ ತಡಪೆ ಇದ್ರೆ ನಿನ್ನ ಮಾವ ಒಂದು ಲೋಟ ನೀರು ಕೂಡ ಕೇಳ್ತಿರಲಿಲ್ಲ. ತಡಪೆ ಕೆಳಗಿಟ್ಟ ಕೂಡ್ಲೇ ಶುರು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನದು ಕಟ್ಟಿದಷ್ಟೂ ಕಣ್ಣಿಗೆ ಕಾಣ್ತಿತ್ತು. ನೀನು ಅದರಲ್ಲಿ ಕೆಲಸ ಮಾಡ್ತೀಯಾ, ಸೀರೆ ನೋಡ್ತೀಯಾ, ನಮಗೆ ಹೇಗೆ ಗೊತ್ತಾಗುವುದು?"

ಅದೂ ಹೌದು. ಕೆಲವು ಸಲ ಸೀರೆಯೇ ನೋಡುತ್ತಿರುತ್ತೇನೆ.

ಈಗ ಉಳಿದದ್ದು ಸೆಖೆಯ ಸಮಸ್ಯೆ. ಮೊನ್ನೆ ಟೈಲರ್ ಹತ್ತಿರ ಎರಡು ಡ್ರೆಸ್ ಹೊಲಿಯಲು ಕೊಟ್ಟೆ. ತೆಳು ಕಾಟನ್, ಒಳ್ಳೆ ಸಡಿಲ, ಕಾಲಿನ ಗಂಟಿನ ತನಕ ಉದ್ದ, ಬಲಗಡೆ ಮೊಬೈಲ್ ಹಿಡಿಯುವ ಜೇಬು. ಅವರು ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅಕ್ಕ, ಇದು ನೈಟಿ ಅಲ್ವಾ?"

"ಕಾಲರ್ ಇಡಿ," ಅಂದೆ.