ಹಿತ್ತಲ ಗಿಡ ಗಾಯಕ್ಕೆ ಮದ್ದೇ?

ಪರ: ತೊಳೆದ ಗಾಯಕ್ಕೆ ಹಿತ್ತಲು ಸಾಕು

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ತಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಕತ್ತಿ ಜಾರುತ್ತದೆ. ಅಡಿಕೆ ಬೇಯುವ ಹಂಡೆಯಿಂದ ಚೊಗರು, ಅಂದರೆ ಅಡಿಕೆ ಬೆಂದ ಕುದಿನೀರು, ಸಿಡಿಯುತ್ತದೆ. ಮಳೆಗಾಲದಲ್ಲಂತೂ ರಕ್ತ ಹೀರುವ ಉಂಬಳ (ನೆಲದ ಜಿಗಣೆ) ಇದ್ದೇ ಇದೆ. ಇವುಗಳಲ್ಲಿ ಹೆಚ್ಚಿನವು ಚರ್ಮದ ಮೇಲಷ್ಟೇ ಆಗುವ ಗಾಯಗಳು. ಕೊಯ್ಲಿನ ನಡುವೆ ಇಂಥದ್ದಕ್ಕೆಲ್ಲ ಆಸ್ಪತ್ರೆಗೆಂದು ಹೊಸನಗರಕ್ಕೋ ತೀರ್ಥಹಳ್ಳಿಗೋ ಬಸ್ಸು ಹತ್ತುವವರು ಯಾರೂ ಇಲ್ಲ, ಹತ್ತಬೇಕಾಗಿಯೂ ಇಲ್ಲ. ಮನೆಮದ್ದು ಬೇಡವೇ ಬೇಡ ಎಂದುಬಿಟ್ಟರೆ ಜನ ಸುಮ್ಮನಿರುವುದಿಲ್ಲ. ಸೀಮೆಎಣ್ಣೆ, ಹೊಗೆಸೊಪ್ಪು, ಕಾಫಿಪುಡಿ ಮೆತ್ತುತ್ತಾರೆ. ಅದಕ್ಕಿಂತ ಯಾವುದನ್ನು ಹೇಗೆ ಹಚ್ಚಬೇಕೆಂದು ತಿಳಿಸುವುದು ಮೇಲು.

ಮೊದಲ ಮದ್ದು ನೀರು. ರಕ್ತ ಹರಿಯುತ್ತಿದ್ದರೆ ಒಗೆದು ಒಣಗಿಸಿದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಡುವೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ರಕ್ತ ನಿಂತ ಮೇಲೆ ಅಬ್ಬಿ ನೀರನ್ನು (ಗುಡ್ಡದಿಂದ ಹರಿದುಬರುವ ನೀರು) ಕುದಿಸಿ ಆರಿಸಿ, ಧಾರೆಯಾಗಿ ಹೊಯ್ದು ತೊಳೆಯಬೇಕು. ಉಪ್ಪು ಹಾಕುವುದಾದರೆ ಒಂದು ಲೀಟರಿಗೆ 9 ಗ್ರಾಂ, ಅಂದರೆ ತಲೆಸಮ ಒಂದೂವರೆ ಟೀ ಚಮಚ. ಸೋಪು ಗಾಯದ ಸುತ್ತಲಿಗೆ ಮಾತ್ರ.

ಆಮೇಲೆ ಜೇನು. ಸಕ್ಕರೆ ಒತ್ತಾಗಿರುವುದರಿಂದ ಅದು ಗಾಯದ ನೀರನ್ನು ಎಳೆದುಕೊಳ್ಳುತ್ತದೆ. ಹುಳಿ ಅಂಶ ಸೂಕ್ಷ್ಮಾಣುಗಳಿಗೆ ಆಗಿಬರುವುದಿಲ್ಲ. ಗಾಯದ ರಸ ಬೆರೆತಾಗ ಜೇನಿನಲ್ಲಿರುವ ಕಿಣ್ವವೊಂದು ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಕಾಯಿಸಿದ ಜೇನಿನಲ್ಲಿ ಆ ಕಿಣ್ವ ಉಳಿಯದು. ಮೇಲ್ಮಟ್ಟದ ಸುಟ್ಟಗಾಯ ಜೇನಿನಿಂದ ಮಾಮೂಲಿ ಪಟ್ಟಿಗಿಂತ ನಾಲ್ಕೈದು ದಿನ ಬೇಗ ಮಾಯುತ್ತದೆ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿದೆ. ಜೇನನ್ನು ಗಾಯಕ್ಕೆ ಸುರಿಯಬಾರದು, ಪಟ್ಟಿಗೆ ಹಚ್ಚಬೇಕು: ಹತ್ತು ಸೆಂಟಿಮೀಟರ್ ಚೌಕದ ಗಾಜ್ ಬಟ್ಟೆಗೆ ಸುಮಾರು 20 ಮಿಲಿ. ದಿನಕ್ಕೊಮ್ಮೆ ಬದಲಿಸಬೇಕು, ರಸ ಜಿನುಗಿ ಒದ್ದೆಯಾದರೆ ಇನ್ನೂ ಬೇಗ. ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ಹುಳಿಯಲು ತೊಡಗಿದ್ದನ್ನು ಬಳಸಬೇಡಿ. ವರ್ಷ ತುಂಬದ ಮಗುವಿಗಂತೂ ಜೇನು ಬೇಡ.

ಚೊಗರು ಸಿಡಿದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ದೋಸೆಹಿಟ್ಟು, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಲೋಳೆಸರ ಅದಾದ ಮೇಲಿನ ಮಾತು. ಎಲೆಯನ್ನು ಬುಡದಿಂದ ಕೊಯ್ದು ಕಾಲು ಗಂಟೆ ನಿಲ್ಲಿಸಿಟ್ಟರೆ ಹಳದಿ ಸೊನೆ ಇಳಿದುಹೋಗುತ್ತದೆ. ಉರಿ, ತುರಿಕೆ ತರುವುದು ಆ ಸೊನೆಯೇ. ತೊಳೆದು ಸಿಪ್ಪೆ ಹೆರೆದು ಒಳಗಿನ ತಿಳಿ ಲೋಳೆಯನ್ನಷ್ಟೇ ಸವರಬೇಕು. ಬೊಬ್ಬೆ ಒಡೆಯಬಾರದು.

ನಮ್ಮದೇ ಎನ್ನಬಹುದಾದ ಮದ್ದು ಮುರುಗಲ ತುಪ್ಪ, ಅಂದರೆ ಮುರುಗಲ (ಕೋಕಂ) ಬೀಜದಿಂದ ತೆಗೆದ ಗಟ್ಟಿ ಎಣ್ಣೆ. ಒಡೆದ ಹಿಮ್ಮಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಒರೆಸಿ, ರಾತ್ರಿ ತುಪ್ಪ ತಿಕ್ಕಿ ಕಾಲುಚೀಲ ಹಾಕಿಕೊಳ್ಳಿ. ಗೊಬ್ಬರದ ಕೆಸರಿನಲ್ಲಿ ನಿಲ್ಲುವವರಿಗೆ ಇದು ಅಂದಚೆಂದದ ಮಾತಲ್ಲ. ಇಲಿಜ್ವರದ ರೋಗಾಣು ಒಳನುಗ್ಗುವುದು ಇಂಥ ಬಿರುಕುಗಳಿಂದಲೇ.

ಅರಿಸಿನದಿಂದ ಗಾಯ ಮಾಗಿಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ಭಾರತದ ಹಳೆಯ ತಿಳಿವಳಿಕೆ ಎಂದು ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ದಾಖಲೆ ಒದಗಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಹೊರಗಿನವರು ಹಕ್ಕು ಕೇಳುವಷ್ಟು ಬೆಲೆಯುಳ್ಳದ್ದನ್ನು ನಾವೇ ಹಳಿಯುವುದೇಕೆ?

ವಿರೋಧ: ಮದ್ದಿನ ಕೆಳಗೆ ಗಾಯ ಕಾಣುವುದಿಲ್ಲ

ಪೇಟೆಂಟ್ ಕಥೆಯಿಂದಲೇ ಶುರು ಮಾಡೋಣ. ಅಲ್ಲಿ ಸಾಬೀತಾದದ್ದು ಬಳಕೆ ಹಳೆಯದು ಎಂಬುದು. ಅರಿಸಿನದಿಂದ ಗಾಯ ವಾಸಿಯಾಗುತ್ತದೋ ಇಲ್ಲವೋ ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಅಂದ ಹಾಗೆ ಹಳೆಯದು ಎಂಬ ಮಾತೂ ಎಲ್ಲದಕ್ಕೂ ಸಲ್ಲುವುದಿಲ್ಲ: ಕತ್ತಿ ತಾಗಿದಾಗ ಬೇಲಿಯಿಂದ ಕಿತ್ತು ಹಿಂಡುವ ಕಮ್ಯುನಿಸ್ಟ್ ಗಿಡ ಅಮೆರಿಕ ಖಂಡದಿಂದ ಬಂದ ಕಳೆ.

ನೀರಿನ ವಿಷಯದಲ್ಲಿ ಪರದವರೊಡನೆ ಜಗಳವಿಲ್ಲ. ಜಗಳ ಇರುವುದು ತೊಳೆದ ಮೇಲೆ ಮೆತ್ತುವುದರ ಬಗ್ಗೆ. ಗಾಯ ಕೆಡುತ್ತಿದೆ ಎಂಬುದಕ್ಕೆ ಮೊದಲ ಗುರುತು ಅಂಚಿನಿಂದಾಚೆ ಹರಡುವ ಕೆಂಪು. ಅರಿಸಿನ ಮೆತ್ತಿದ ಕಾಲಿನಲ್ಲಿ ಆ ಕೆಂಪನ್ನು ಎಲ್ಲಿ ಹುಡುಕುವುದು? ಪುಡಿಯ ಕಣಗಳು ಸೀಳಿನೊಳಗೆ ಕೂತರೆ ಮಣ್ಣು ಕೂತ ಹಾಗೆಯೇ, ಮೈ ಅದನ್ನು ಹೊರಗಿನ ವಸ್ತುವೆಂದೇ ಎಣಿಸುತ್ತದೆ. ಹೊಲಿಗೆ ಬೇಕಾದ ಗಾಯವನ್ನು ಆರೆಂಟು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸುವುದು ಒಳ್ಳೆಯದು. ಪುಡಿ ತುಂಬಿಕೊಂಡು ಬಂದರೆ ಅದನ್ನು ಕೆರೆದು ತೆಗೆಯುವುದಕ್ಕೇ ಹೊತ್ತು ಹೋಗುತ್ತದೆ, ನೋವೂ ದುಪ್ಪಟ್ಟು.

ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಗಾಯಕ್ಕೆ ಮೆತ್ತುವ ಸೊಪ್ಪನ್ನು ಬಿಸಿನೀರಿನಲ್ಲಿ ಅದ್ದಿದರೆ ಸಾಯುವ ಜಾತಿಯಲ್ಲ. ಅವಕ್ಕೆ ಗಾಳಿಯಾಡದ ಜಾಗ ಬೇಕು. ಬಿದಿರಿನ ಸಿಬಿರು, ಮೊಳೆ, ಮುಳ್ಳು ಚುಚ್ಚಿದ ಗಾಯದ ಬಾಯಿ ಚಿಕ್ಕದು, ಒಳಗೆ ಆಳ. ಮೇಲಿಂದ ಲೇಪ ಹಾಕಿದರೆ ಆ ಜಾಗವನ್ನು ನಾವೇ ಮಾಡಿಕೊಟ್ಟಂತೆ. ರೋಗ ತಲೆಯೆತ್ತುವುದು ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ, ಅಷ್ಟರಲ್ಲಿ ಮೇಲಿನ ಗಾಯ ಮಾಗಿ ಮರೆತೂ ಹೋಗಿರುತ್ತದೆ. ಇದನ್ನು ತಡೆಯುವುದು ಲಸಿಕೆ ಮಾತ್ರ. ಹಿಂದೆ ಲಸಿಕೆಯ ಸರಣಿ ಪೂರ್ತಿಯಾಗಿದ್ದವರಿಗೆ ಚೊಕ್ಕ, ಸಣ್ಣ ಗಾಯವಾದರೆ ಕೊನೆಯ ಚುಚ್ಚುಮದ್ದಿಗೆ ಹತ್ತು ವರ್ಷ ದಾಟಿರಬಾರದು, ಗೊಬ್ಬರ-ಮಣ್ಣು ಸೋಕಿದ್ದಾದರೆ ಐದು ವರ್ಷ. ಸರಣಿ ಪೂರ್ತಿಯಾಗಿದೆಯೋ ಇಲ್ಲವೋ ನೆನಪಿಲ್ಲದವರು ಲೆಕ್ಕ ಹಾಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ನಾಯಿ ಕಚ್ಚಿದ್ದಕ್ಕೆ ಸುಣ್ಣ, ಮೆಣಸಿನಪುಡಿ, ಅರಿಸಿನ ಹಚ್ಚುವುದು ಇನ್ನೂ ನಿಂತಿಲ್ಲ. ಸೋಪು ಮತ್ತು ಹರಿಯುವ ನೀರು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಅಂದೇ ರೇಬಿಸ್ ಲಸಿಕೆ. ಬರೀ ಪರಚಿ ರಕ್ತ ಬಾರದಿದ್ದರೂ ಹೋಗಲೇಬೇಕು.

ಜೇನಿನ ಮಾತು ಅರ್ಧ ನಿಜ. ಚಿಕಿತ್ಸೆಗೆಂದೇ ತಯಾರಾಗುವ ಜೇನನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರುತ್ತಾರೆ, ಏಕೆಂದರೆ ಹಸಿ ಜೇನಿನಲ್ಲಿ ಬಾಟುಲಿಸಂ ರೋಗದ ಬೀಜಾಣು ಇರಬಹುದು. ಜೇನುತಟ್ಟಿ ಹಿಂಡಿ ತುಂಬಿದ ಬಾಟಲಿ ಜೇನಿಗೆ ಚಿಕಿತ್ಸೆಯ ಜೇನು ಎಂಬ ಹೆಸರು ಸಲ್ಲದು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗಂತೂ ಪ್ರಯೋಗವೇ ಬೇಡ: ಅಲ್ಲಿ ನೋವೇ ಗೊತ್ತಾಗದು.

ಹಾಗಾದರೆ ಹಚ್ಚುವುದೇನು? ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಮೇಲೆ ಗಾಜ್, ಅಷ್ಟೇ. ಗಾಯ ಗಾಳಿಗೆ ಒಣಗಬೇಕು ಎಂಬುದು ತಪ್ಪು. ತೇವ ಕಾಯ್ದುಕೊಂಡ ಗಾಯಕ್ಕೆ ಹೊಸ ಚರ್ಮ ಬೇಗ ಬರುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು. ತೇವ ಬೇರೆ, ನೆನೆಯುವುದು ಬೇರೆ. ಮಳೆಯಲ್ಲಿ ಗಂಬೂಟಿನೊಳಗೆ ದಿನವಿಡೀ ನೆನೆದ ಪಟ್ಟಿ ಸುತ್ತಲಿನ ಚರ್ಮವನ್ನು ಬೆಳ್ಳಗೆ ಸುಕ್ಕಾಗಿಸಿ ಗಾಯವನ್ನು ಅಗಲ ಮಾಡುತ್ತದೆ. ತೋಟದಿಂದ ಬಂದ ಕೂಡಲೇ ಬಿಚ್ಚಿ, ಒರೆಸಿ, ಹೊಸದು ಕಟ್ಟಬೇಕು. ಉಂಬಳ ಕಚ್ಚಿದ್ದಕ್ಕೆ ಇಷ್ಟೂ ಬೇಡ. ಅದರ ಜೊಲ್ಲಿನ ಅಂಶವೊಂದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಸೋರುತ್ತದೆ, ತೊಳೆದು ಒತ್ತಿ ಕಟ್ಟಿದರಾಯಿತು.

ಪಟ್ಟಿ ಬಿಚ್ಚಿದಾಗ ಕೆಂಪು ಕಂಡರೆ ಅದರ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯಿರಿ. ಕೆಂಪು ಗೆರೆ ದಾಟಿದರೆ, ಕೀವು ನಾರಿದರೆ, ಜ್ವರ ಬಂದರೆ, ಕಾಲಿನಿಂದ ತೊಡೆಸಂದಿನ ಕಡೆಗೆ ಕೆಂಪು ನೂಲಿನಂಥ ಗೀಟು ಹತ್ತಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ.