ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸಬೇಕೆ?

ಪರ

ಮೇಷ್ಟ್ರು ಹೊರಗೆ ಹೋದ ಕೂಡಲೇ ಲೀಡರ್ ಕಪ್ಪುಹಲಗೆಯ ಮೂಲೆಯಲ್ಲಿ ‘ಮಾತನಾಡಿದವರು’ ಎಂದು ಬರೆದು ಹೆಸರುಗಳನ್ನು ಪಟ್ಟಿ ಮಾಡತೊಡಗುತ್ತಾನೆ. ಮತ್ತೆ ಬಾಯಿಬಿಟ್ಟರೆ ಹೆಸರಿನ ಮುಂದೆ ಇಂಟು ಗುರುತು. ಪಕ್ಕದವಳಿಗೆ ಪೆನ್ಸಿಲ್ ಕೊಟ್ಟು ತನ್ನ ಪಾಡಿಗೆ ಲೆಕ್ಕ ಮಾಡುತ್ತ ಕುಳಿತವಳ ಹೆಸರು ಮಾತ್ರ ಯಾವ ಮೂಲೆಯಲ್ಲೂ ಬರುವುದಿಲ್ಲ. ಅವಳ ಹೆಸರಿಗೊಂದು ನಕ್ಷತ್ರ ಅಂಟಿಸಿದರೆ ಯಾರ ಗಂಟು ಹೋಗುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಒಂದರಿಂದ ಮೂರನೇ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ನಲಿ-ಕಲಿ ಶಿಕ್ಷಕಿಗೆ ಬೈಗುಳವಲ್ಲದ ಉಪಾಯವೊಂದು ಬೇಕೇ ಬೇಕು.

1969ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ನಾಲ್ಕನೇ ತರಗತಿಯನ್ನು ಎರಡು ತಂಡ ಮಾಡಿದ್ದರು. ಒಬ್ಬರು ಸುಮ್ಮಸುಮ್ಮನೆ ಎದ್ದರೂ ಹರಟಿದರೂ ಇಡೀ ತಂಡದ ಲೆಕ್ಕಕ್ಕೆ ಒಂದು ಗುರುತು. ಗೆದ್ದ ತಂಡಕ್ಕೆ ಹೆಸರಿನ ಮುಂದೆ ನಕ್ಷತ್ರ, ಊಟದ ಸಾಲಿನಲ್ಲಿ ಮೊದಲ ಸರದಿ, ದಿನದ ಕೊನೆಗೆ ಇಷ್ಟದ ಕೆಲಸಕ್ಕೆ ಅರ್ಧ ಗಂಟೆ. ಗದ್ದಲ ಬಹಳಷ್ಟು ಇಳಿಯಿತು. ಬಿಸಿಯೂಟದ ಸಾಲು ನಮ್ಮಲ್ಲೂ ಇದೆ. ಇದಕ್ಕೆ ಅನುದಾನ ಕಾಯಬೇಕಾಗಿಲ್ಲ.

ವಿರೋಧ

ಗದ್ದಲ ಇಳಿಯುತ್ತದೆ, ಒಪ್ಪೋಣ. ಚೆಲ್ಲಿದ ನೀರನ್ನು ಒರೆಸು ಎಂದರೆ ‘ಎಷ್ಟು ಸ್ಟಾರ್ ಕೊಡ್ತೀರಾ ಮಿಸ್?’ ಎಂದು ಕೇಳುವ ಎರಡನೇ ತರಗತಿಯ ಹುಡುಗ ಕಲಿತದ್ದು ಚೌಕಾಸಿಯನ್ನು.

ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು, ಮಕ್ಕಳ ಹೆಸರಿನ ಮುಂದೆ ನಕ್ಷತ್ರ ಅಂಟಿಸುವ ಚಾರ್ಟ್ ತೂಗುಹಾಕುವ ಮೊದಲು ಓದಬೇಕು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನೇ ಅವರು ಆರಿಸಿಕೊಂಡರು. ಕೆಲವರಿಗೆ, ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಆಮೇಲೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದವರು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವುಗಳನ್ನು ಮುಟ್ಟಿದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಂದಿರಲಿಲ್ಲ. (ಚಿತ್ರವೇ ಬೇರೆ, ಶಿಸ್ತೇ ಬೇರೆ ಎಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲದಿಲ್ಲ.) ಕೆಡುಕು ಬಹುಮಾನದಲ್ಲಿಲ್ಲ, ಮುಂಗಡ ಕರಾರಿನಲ್ಲಿದೆ ಎಂದೇ ನನಗೆ ತೋರುತ್ತದೆ.

ಇನ್ನು, ನಕ್ಷತ್ರ ಸಿಗುವುದು ಯಾತಕ್ಕೆ? ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ, ಇಸ್ತ್ರಿ ಮಾಡಿದ ಸಮವಸ್ತ್ರಕ್ಕೆ. ನಸುಕಿನಲ್ಲೇ ಕೂಲಿಗೆ ಹೊರಟ ತಾಯಿಯ ಬದಲು ತಮ್ಮನನ್ನು ಅಂಗನವಾಡಿಗೆ ಬಿಟ್ಟು ಓಡಿಬರುವ ಹುಡುಗಿಯ ಸಾಲು ವರ್ಷವಿಡೀ ಖಾಲಿ. ಕಪ್ಪುಹಲಗೆಯ ಪಟ್ಟಿಯನ್ನಾದರೂ ಸಂಜೆಗೆ ಒರೆಸುತ್ತಾರೆ. ಗೋಡೆಯ ಚಾರ್ಟು ಪೋಷಕರ ಸಭೆಯ ದಿನವೂ ಅಲ್ಲೇ ನೇತಾಡುತ್ತಿರುತ್ತದೆ. ಇದು ಮಾನಸಿಕ ಕಿರುಕುಳವಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ.

‘ಗುಡ್’, ‘ವೆರಿ ಗುಡ್’ ಎಂಬ ಚಪ್ಪಾಳೆಗಳನ್ನೂ ಇನ್ನು ನಿಲ್ಲಿಸೋಣ. ‘ಕೈ ತೊಳೆಯುವ ನಲ್ಲಿಯ ಹತ್ತಿರ ಇವತ್ತು ಒಂದನೇ ತರಗತಿಯವರನ್ನು ಮೊದಲು ಬಿಟ್ಟೆಯಲ್ಲ, ನೋಡಿದೆ’ ಎಂದು ಆ ಮಗುವಿಗಷ್ಟೇ ಕೇಳುವಂತೆ ಹೇಳಬಹುದು. ಅದಕ್ಕೆ ಶಿಕ್ಷಕರು ಊಟದ ಹೊತ್ತಿನಲ್ಲಿ ದಾಖಲೆ ತುಂಬುವುದನ್ನು ಬಿಟ್ಟು ನಲ್ಲಿಯ ಬಳಿ ನಿಂತಿರಬೇಕು, ಅಷ್ಟೇ.